ಮೊಳೆ ಸಾಹುಕಾರರ ಗಂಟಲಲ್ಲಿ ಸಿಕ್ಕಿದ ಮಾತು

ಅನಾಹುತಕ್ಕೆಲ್ಲ ಕಾರಣ ಎರಡಕ್ಷರದ ಒಂದು ಮಾತು. ‘ಇಲ್ಲ’ ಎನ್ನಲು ಮೊಳೆ ಸಾಹುಕಾರರಿಗೆ ಬಾಯಿ ಬರುತ್ತಿರಲಿಲ್ಲ.

ಸಣ್ಣ ಊರಿನಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದವರು. ‘ಇಲ್ಲ’ ಅಂದರೆ ಗಿರಾಕಿ ಎದುರಂಗಡಿಯ ಪಾಲು ಎಂದು ಅಪ್ಪ ಕಲಿಸಿದ್ದರು. ಮೂರಿಂಚಿನ ಮೊಳೆ ಮುಗಿದಿದ್ದರೆ, “ನಾಳೆ ಬನ್ನಿ, ನೋಡೋಣ.” ಸೇತುವೆ ಕೇಳಿದವರಿಗೂ ಆಸ್ಪತ್ರೆ ಕೇಳಿದವರಿಗೂ ಅದೇ ಮಾತು ಹೇಳಿ ಚುನಾವಣೆ ಗೆದ್ದು ರಾಜಧಾನಿ ಸೇರಿದ್ದರು.

ಅಂದು ಸಂಸತ್ತಿನಲ್ಲಿ ಸರ್ಕಾರದ ಅಳಿವು ಉಳಿವಿನ ಮತ. ಬೆಳಿಗ್ಗೆಯೇ ಪಕ್ಷದ ಮುಖಂಡರ ಫೋನ್ ಬಂತು. “ಸರ್ಕಾರ ವಿಶ್ವಾಸ ಕಳ್ಕೊಂಡಿದೆಯಾ ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳ್ತಾರೆ. ನೀವು ‘ಇಲ್ಲ’ ಅಂದ್ರೆ ಸಾಕು. ಮಂತ್ರಿ ಮಾಡೋದು ನನ್ನ ಜವಾಬ್ದಾರಿ.”

ಹೆಂಡತಿ ಅಭ್ಯಾಸ ಮಾಡಿಸಲು ಕೂತಳು. “ರೀ, ಮನೇಲಿ ಸುತ್ತಿಗೆ ಇದ್ಯಾ?”

“ಎಷ್ಟು ತೂಕದ್ದು ಬೇಕು?”

“ಹೋಗ್ಲಿ, ಆನೆ ಇದ್ಯಾ?”

ಸಾಹುಕಾರರು ಬಹಳ ಹೆಣಗಿದರು. “ಬಣ್ಣ ಯಾವ್ದು?”

ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ಕಾರು ಬಿಡುವಾಗಿದೆಯಾ ಎಂದು ಕೇಳಿ, ತಗೊಂಡೇ ಹೋದರು. ಸಾಹುಕಾರರು ಬಿಸಿಲಲ್ಲಿ ನಡೆದು ಬೆವರಿನಲ್ಲಿ ತೊಯ್ದು ಸಂಸತ್ತಿನ ಬಾಗಿಲು ಮುಟ್ಟಿದಾಗ ಕಾವಲಿನವನು ಗುರುತಿನ ಚೀಟಿ ಇದೆಯಾ ಎಂದ. ಚೀಟಿ ಕಾರಿನಲ್ಲಿ ಹೋಗಿತ್ತು. ಸಾಹುಕಾರರು ಅವನಿಗೂ ನಾಳೆ ಬರಲು ಹೇಳಿದರು. ಕೊನೆಗೆ ಮುಖಂಡರೇ ಓಡಿಬಂದು ಒಳಗೆ ಎಳೆದುಕೊಂಡರು.

ಸಾಹುಕಾರರ ಸರದಿ ಬಂತು. ಎದ್ದು ನಿಂತರು. ಗಂಟಲಲ್ಲಿ ‘ಇ’ ಹುಟ್ಟಿತು. ‘ಲ್ಲ’ ಮಾತ್ರ ಗಟ್ಟಿ ಮರಕ್ಕೆ ಹೊಡೆದ ಮೊಳೆಯ ಹಾಗೆ ಬಗ್ಗಿ ಅಲ್ಲೇ ಸಿಕ್ಕಿಕೊಂಡಿತು.

“ನಾಳೆ ಬನ್ನಿ, ನೋಡೋಣ.”

ಸಭೆ ಬಿದ್ದು ಬಿದ್ದು ನಕ್ಕಿತು. ಒಂದು ಕಡೆಯವರು ಮೇಜು ಕುಟ್ಟಿದರು, ಇನ್ನೊಂದು ಕಡೆಯವರು ಕಾಗದ ತೂರಿದರು. ಗಂಟೆ ಬಾರಿಸಿ ಕೈಸೋತ ಸಭಾಧ್ಯಕ್ಷರು ಮತವನ್ನು ಮರುದಿನಕ್ಕೆ ಮುಂದೂಡಿದರು.

ಮಂತ್ರಿಗಿರಿಗೆ ಎಳ್ಳುನೀರು ಬಿಟ್ಟು ತಲೆ ತಗ್ಗಿಸಿದ್ದ ಸಾಹುಕಾರರನ್ನು ಮುಖಂಡರು ಬಂದು ತಬ್ಬಿಕೊಂಡರು. “ನಮ್ಮೋರು ಮೂವರು ಕೆಟ್ಟುನಿಂತ ರೈಲಲ್ಲಿ ಕೂತಿದ್ದಾರೆ. ಇವತ್ತೇ ಮತ ಮುಗಿದಿದ್ರೆ, ನೀವು ಏನಂದಿದ್ರೂ ನಾವು ಬಿದ್ದಿರ್ತಿದ್ವಿ. ಸರ್ಕಾರ ಉಳಿಸಿದ್ರಿ ಸಾಹುಕಾರ್ರೇ.”

ಸಾಹುಕಾರರ ಎದೆ ಉಬ್ಬಿತು. “ಹಾಗಾದ್ರೆ ನನ್ನ ಮಂತ್ರಿಗಿರಿ?”

ಮುಖಂಡರು ಪ್ರೀತಿಯಿಂದ ಅವರ ಹೆಗಲ ಮೇಲೆ ಕೈಯಿಟ್ಟರು. ರಾಜಕೀಯಕ್ಕೆ ಬರುವ ಮೊದಲು ಅವರೂ ಮೂವತ್ತು ವರ್ಷ ಪಾತ್ರೆ ಅಂಗಡಿ ಇಟ್ಟಿದ್ದವರು.

“ನಾಳೆ ಬನ್ನಿ, ನೋಡೋಣ.”

ಆ ಮಾತಿನ ಅರ್ಥ ಸಾಹುಕಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಜೆ ಕಾಲೆಳೆಯುತ್ತ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಮಂತ್ರಿಗಿರಿ ಸಿಕ್ತಾ?”

“ಇಲ್ಲ.”

ಎಷ್ಟು ಸ್ಪಷ್ಟವಾಗಿ ಬಂತೆಂದರೆ ಅವಳು ಸಂತೋಷದಿಂದ ಚಪ್ಪಾಳೆ ತಟ್ಟಿದಳು.