ಐದು ಅಂಗಡಿ, ಒಂದೇ ಬಾಗಿಲು

"ಅಯ್ಯೋ, ನನ್ನ ಟ್ರ್ಯಾಕ್ಟರ್ ಎಲ್ಲಿ ಹೋಯ್ತು?"

ನೆವಿಲ್ ರಂಡ್ಲ್ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಆ ಹೊತ್ತಿಗೆ ಅಡುಗೆಮನೆಯಲ್ಲಿ ಅವನೂ ಆರಿದ ಚಹಾವೂ ಬಿಟ್ಟರೆ ಮೂರನೆಯವರಿರಲಿಲ್ಲ. ಪೋರ್ಟ್ ಪಿರೀ ಊರಿನ ಅವನ ಹಿತ್ತಲಲ್ಲಿ ಟ್ರ್ಯಾಕ್ಟರ್ ಹಾಗಿರಲಿ, ಒಂದು ಕೈಗಾಡಿಯೂ ಇರಲಿಲ್ಲ. ಕಳೆದುಹೋದದ್ದು ಕಂಪ್ಯೂಟರಿನೊಳಗಿನ ಟ್ರ್ಯಾಕ್ಟರ್. ಅವನು ಆಟಗಳನ್ನು ಐದು ಆನ್‌ಲೈನ್ ಅಂಗಡಿಗಳಲ್ಲಿ ಕೊಂಡಿದ್ದ. ಅಂಗಡಿಗೊಂದು ಹೆಸರು, ಹೆಸರಿಗೊಂದು ಗುಪ್ತಪದ. ಯಾವ ಆಟ ಯಾರ ಕಪಾಟಿನಲ್ಲಿದೆಯೋ, ಮೇಲಿರುವವನೇ ಬಲ್ಲ. ಮೀನು ಹಿಡಿಯುವ ಒಂದೇ ಆಟವನ್ನು ಮೂರು ಅಂಗಡಿಯಲ್ಲಿ ಕೊಂಡು, ಮೂರರಲ್ಲೂ ಒಂದು ಮೀನೂ ಹಿಡಿದವನಲ್ಲ.

ಟ್ರ್ಯಾಕ್ಟರ್ ಮಾತ್ರ ಸಿಗಲೇಬೇಕಿತ್ತು. ಹೆಂಡತಿ ಗ್ಲೆನಿಸ್ ತೀರಿಕೊಂಡ ಮೇಲೆ ಮನೆಯಲ್ಲಿ ಸಂಜೆ ಎಂಬುದು ಮುಗಿಯದ ಪ್ರಾರ್ಥನೆಯಂತಾಗಿತ್ತು. ಆ ಸಂಜೆಗಳಲ್ಲಿ ಟ್ರ್ಯಾಕ್ಟರ್ ಆಟದೊಳಗೆ ಅವನು 'ಒಂಟಿ ಬೂಟು' ಎಂಬ ಹೆಸರಿನಲ್ಲಿ, 'ಉಪ್ಪುಮೀನು' ಎಂಬ ಮುಖ ಕಾಣದ ಗೆಳೆಯನೊಡನೆ ಗೋಧಿ ಬೆಳೆಯುತ್ತಿದ್ದ. ಉಳುತ್ತ ಬಿತ್ತುತ್ತ ಇಬ್ಬರೂ ಸುಖದುಃಖ ಟೈಪು ಮಾಡಿಕೊಳ್ಳುತ್ತಿದ್ದರು. ಇವತ್ತು ಸಂಜೆ ಕೊಯ್ಲು. ಈ ಒಬ್ಬ ಗೆಳೆಯ ತಪ್ಪಿಹೋದರೆ ನೆವಿಲ್‌ಗೆ ಮಾತಿಗೆ ಗೋಡೆಯೇ ಗತಿ.

ಇಬ್ಬರೂ ಜಾಗರೂಕರು. ನೆವಿಲ್ ತಾನು ದೂರದ ಪರ್ತ್‌ನವನೆಂದು ಸುಳ್ಳು ಹೇಳಿದ್ದ, ಉಪ್ಪುಮೀನು ನ್ಯೂಜಿಲೆಂಡಿನವನೆಂದಿದ್ದ. ಪಕ್ಕದ ಮನೆಯ ಸಾವೇರಿಯೋ ಮಿನರ್ವೀನಿಯ ಹುಂಜ, ಕೋಳಿ ಕೂಗುವ ಹೊತ್ತಿಗೂ ಮುಂಚೆ ಕೂಗಿ ಪ್ರಾಣ ಹಿಂಡುತ್ತದೆಂದು ಗೋಳಾಡುವಾಗಲೂ ನೆವಿಲ್ ಹುಂಜವನ್ನು ನಾಯಿ ಮಾಡಿಯೇ ಹೇಳಿದ್ದ. "ಅದು ಏಳೋಕೆ ಮುಂಚೆ ನೀನೇ ಗದ್ದಲ ಎಬ್ಬಿಸು, ಯಜಮಾನನಿಗೆ ಬುದ್ಧಿ ಬರತ್ತೆ" ಎಂದಿತ್ತು ಉಪ್ಪುಮೀನಿನ ಉತ್ತರ. ಅಂದಿನಿಂದ ನೆವಿಲ್ ಕತ್ತಲಿರುವಾಗಲೇ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ. ಹಿತ್ತಲಲ್ಲಿ ಹುಲ್ಲೇ ಇರಲಿಲ್ಲ ಎಂಬುದು ಬೇರೆ ಮಾತು. ಸಾವೇರಿಯೋಗೆ ಬುದ್ಧಿ ಬರಲಿಲ್ಲ, ಇನ್ನೊಂದು ಹುಂಜ ಬಂತು.

ನೆವಿಲ್ ಕೆಲಸ ಮಾಡುವ ಬೇಕರಿಯಲ್ಲಿ ಅವನ ಪೆಚ್ಚುಮೋರೆಯನ್ನು ಮೊದಲು ಕಂಡವಳು ಗಲ್ಲಾದ ಮಾರ್ಲೀನ್. ಕತೆ ಕೇಳಿ ಅವಳು ಕೈ ಆಡಿಸಿದಳು.

"ಅಷ್ಟೇನಾ! ಈಗೊಂದು ಲಾಂಚರ್ ಬಂದಿದೆ ಕಣೋ. ಐದು ಅಂಗಡೀನೂ ಅದಕ್ಕೆ ಕಟ್ಟಿಹಾಕು. ಒಂದೇ ಬಾಗಿಲು, ಎಲ್ಲಾ ಆಟ ಸಾಲಾಗಿ ನಿಂತಿರ್ತವೆ."

"ಐದು ಮನೆಗೆ ಒಂದೇ ಕೀಲಿ" ಎಂದ ಒಲೆಯ ಮುಂದಿದ್ದ ಡೆಸ್, ಮಾಂಸ ತುಂಬಿದ ಪೇಸ್ಟಿಯ ತಟ್ಟೆ ಎಳೆಯುತ್ತ. "ಕಳ್ಳನ ಜೇಬಿಗೂ ಭಾರ ಕಮ್ಮಿ."

"ನೀನು ಸುಮ್ನಿರಯ್ಯ. ಇನ್ನೂ ಹಣಾನ ಕಾಲುಚೀಲದಲ್ಲಿಡೋನು."

"ನನ್ನ ಕಾಲುಚೀಲಕ್ಕೆ ಈವರೆಗೂ ಯಾವ ಕಳ್ಳನೂ ಮೂಗು ಹಾಕಿಲ್ಲ!"

ನೆವಿಲ್‌ಗೂ ಅಳುಕಿತ್ತು. "ಯಾರ್ಯಾರಿಗೆ ಏನೇನು ಕಾಣತ್ತೋ, ಮಾರ್ಲೀನ್..." ಎನ್ನುವಷ್ಟರಲ್ಲಿ ಅವಳು ಫೋನು ಕಿತ್ತುಕೊಂಡು, ಅವನ ಬಾಯಿಂದ ಗುಪ್ತಪದಗಳನ್ನು ಹಲ್ಲು ಕಿತ್ತಂತೆ ಒಂದೊಂದಾಗಿ ಹೊರಡಿಸಿ, 'ಒಪ್ಪಿಗೆ' ಎಂದು ಕಂಡಲ್ಲೆಲ್ಲ ಹಿಟ್ಟಿನ ಬೆರಳು ಒತ್ತಿದಳು. ಓದಿ ಒತ್ತಿದವರು ಲೋಕದಲ್ಲಿ ಯಾರಿದ್ದಾರೆ?

ಒತ್ತಿ ಕೈ ಒರೆಸುವಷ್ಟರಲ್ಲಿ ಮಾರ್ಲೀನಳದೇ ಫೋನು ಟಿಣ್ಣೆಂದಿತು. ಅವಳು ಗಟ್ಟಿಯಾಗಿ ಓದಿದಳು: "ನಿಮ್ಮ ಪರಿಚಿತ ನೆವಿಲ್ ರಂಡ್ಲ್ ನಿನ್ನೆ ಗುಲಾಬಿ ಕುದುರೆಮರಿಯ ಬಾಲ ಬಾಚಿದ್ದಾರೆ."

ಸಾಲಿನಲ್ಲಿ ನಿಂತ ಗಿರಾಕಿಗಳು ಬಾಗಿ ಬಾಗಿ ನಕ್ಕರು. ಲಾಂಚರ್ ಅವನ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಡಂಗುರ ಸಾರಿತ್ತು. ಚರ್ಚಿನ ಪಾದ್ರಿಯಿಂದ ಸಂದೇಶ ಬಂತು: "ಭಾನುವಾರ ಮರಿಯನ್ನೂ ಕರೆತನ್ನಿ, ಜಾಗವಿದೆ." ಹಲ್ಲಿನ ವೈದ್ಯರು ಮರಿಯ ಹಲ್ಲು ವಿಚಾರಿಸಿದರು.

"ಹೆಸರೇನಯ್ಯ ಅದಕ್ಕೆ?" ಡೆಸ್ ಕಣ್ಣೊರೆಸಿಕೊಂಡ.

ನೆವಿಲ್ ತನ್ನ ಫೋನು ಕಸಿದು ಜೇಬಿಗೆ ತುರುಕಿದ. ಆಟದ ಆ ಮರಿ ಗ್ಲೆನಿಸಳದು. ಆಸ್ಪತ್ರೆಯಲ್ಲಿ ಮಲಗಿಯೂ ಅವಳು ಅದರ ಬಾಲ ಬಾಚುತ್ತಿದ್ದಳು. ಅವಳು ಹೋದ ಮೇಲೆ ಅದನ್ನು ಬಾಚದೆ ಬಿಡಲು ಅವನಿಗೆ ಮನಸ್ಸಾಗಿರಲಿಲ್ಲ. ಇದನ್ನು ಪೇಸ್ಟಿ ಕೊಳ್ಳುವವರ ಮುಂದೆ ಹೇಗೆ ಹೇಳುವುದು? ಹೇಳಬಹುದಾದವನು ಒಬ್ಬನೇ, ಉಪ್ಪುಮೀನು.

ಸಂಜೆ ಮನೆಗೆ ಓಡಿಬಂದು ಹಿತ್ತಲಲ್ಲೇ ಕುಳಿತು ಲಾಂಚರ್ ತೆರೆದ. ನಿಜ, ಟ್ರ್ಯಾಕ್ಟರ್ ಮುಂದೆಯೇ ನಿಂತಿತ್ತು, ತವರಿನ ಬಾಗಿಲಲ್ಲಿ ನಿಂತ ಮಗಳ ಹಾಗೆ. ಅದರ ಕೆಳಗೆ ಒಂದು ಸಾಲು: "ಉಪ್ಪುಮೀನು ನಿಮ್ಮ ಬೀದಿಯವರ ಗುಂಪಿನಲ್ಲೂ ಇದ್ದಾರೆ." ಪಕ್ಕದಲ್ಲಿ ನಿಜವಾದ ಹೆಸರು, ಫೋಟೋ. ಫೋಟೋದಲ್ಲಿದ್ದವನ ಎರಡು ಕಂಕುಳಲ್ಲಿ ಎರಡು ಹುಂಜ.

ಅದೇ ಗಳಿಗೆಗೆ ಬೇಲಿಯಾಚೆಯೂ ಒಂದು ಫೋನು ಟಿಣ್ಣೆಂದಿತು.

ಬೇಲಿಯ ಮೇಲೆ ಸಾವೇರಿಯೋನ ನರೆತ ತಲೆ ನಿಧಾನವಾಗಿ ಮೂಡಿತು.

"ನಾನು ದಿನಾ ಬರೀತಿದ್ನಲ್ಲ, ಕತ್ತಲಲ್ಲೇ ಡೋಲು ಬಡಿಯೋ ಆ ಪಕ್ಕದ ಮನೆ ದುಷ್ಟ..." ಎಂದ.

"ಡೋಲಲ್ಲ, ಹುಲ್ಲಿನ ಮಷೀನು" ಎಂದ ನೆವಿಲ್. "ಗದ್ದಲ ಎಬ್ಬಿಸು ಅಂದೋನು ನೀನೇ."

"ಆ ಡೋಲಿಗೆ ಏನು ಮಾಡ್ಲಿ ಅಂದಾಗ, ಕೂಗೋ ಪ್ರಾಣಿ ಇದ್ರೆ ಜೋಡಿ ಮಾಡು ಅಂದೋನು ನೀನು."

ಇಬ್ಬರ ತುಟಿಯೂ ಒಂದು ಕ್ಷಣ ನಗುವಿನ ಹೊಸಿಲಿಗೆ ಬಂದು ನಿಂತಿತು. ಒಳಗೆ ಕಾಲಿಡಲಿಲ್ಲ. ನೆವಿಲ್‌ಗೆ ಬೇರೊಂದು ಸಂಜೆ ನೆನಪಾಗಿತ್ತು. ಉಪ್ಪುಮೀನು ಬರೆದಿದ್ದ: 'ಪಕ್ಕದವನ ತಾಯಿ ಸತ್ತಾಗ ಟೊಮೆಟೊ ಸಾಸಿನ ಬಾಟಲಿ ಹಿಡ್ಕೊಂಡು ಬಾಗಿಲ ತನಕ ಹೋದೆ. ತಟ್ಟೋಕೆ ನಾಚಿಕೆಯಾಗಿ ವಾಪಸ್ ಬಂದೆ. ಬಾಟಲಿ ಇವತ್ತಿಗೂ ಹಾಗೇ ಇಟ್ಕೊಂಡಿದೀನಿ.'

ನೆವಿಲ್ ಉತ್ತರಿಸಿದ್ದ: 'ಒಳ್ಳೇದೇ ಮಾಡ್ದೆ. ಅಂಥೋನ ಬಾಗಿಲು ಯಾರು ತಟ್ತಾರೆ?'

"ಸತ್ತದ್ದು ತಾಯಿ ಅಲ್ಲ, ಹೆಂಡತಿ. ಅಲ್ವಾ?" ಕೇಳಿದ ನೆವಿಲ್.

"ನೀನು ಹುಂಜಾನ ನಾಯಿ ಮಾಡಿದ ಹಾಗೇ."

ಸಾವೇರಿಯೋ ಬೇಲಿಯ ಹಲಗೆಯನ್ನು ಉಗುರಿನಿಂದ ಕೆರೆಯುತ್ತ ನಿಂತ. ನೆವಿಲ್ ಫೋನನ್ನು ಎದೆಗೊತ್ತಿಕೊಂಡ.

"ಸಾವ್, ಇಬ್ರೂ ಈ ಲಾಂಚರ್ ಕಿತ್ತೊಗೆಯೋಣ. ನೀನು ನ್ಯೂಜಿಲೆಂಡಿಗೆ ಹೋಗ್ಬಿಡು, ನಾನು ಪರ್ತ್‌ಗೆ ಹೋಗ್ತೀನಿ. ಗೋಧಿ ಮಾಗಿ ನಿಂತಿದೆ ಮಾರಾಯ. ಏನೂ ಗೊತ್ತಿಲ್ಲ ಅನ್ನೋ ಥರ ಬಾ."

"ಬೂಟಿಗೆ ಹೇಳಿದ್ದನ್ನ ನಾನು ಪಾದ್ರಿಗೂ ಹೇಳಿಲ್ಲ ನೆವ್. ಅಷ್ಟನ್ನೂ ನೀನು ಕೇಳಿಸ್ಕೊಂಡ್ಬಿಟ್ಟೆ."

"ನಾನೇ ಅಲ್ವೇನೋ ಬೂಟು?"

"ಈಗಿನ ತನಕ ಅಲ್ಲ."

"ಇವತ್ತೊಂದು ಸಂಜೆ. ಕೊಯ್ಲು ಮುಗಿಸೋಕೆ ಮಾತ್ರ. ಬರ್ತೀಯಾ?"

"ಇಲ್ಲ" ಎಂದ ಸಾವೇರಿಯೋ. "ಬರಲ್ಲ."