ಹತ್ತಕ್ಕೊಬ್ಬರು

ವಿಶಾಖಾಳಿಗೆ ಅಂದು ಕಷ್ಟ ತಂದದ್ದು ಒಂದೇ ಒಂದು ಮಗು. ಯಾವ ಮಗು ಎಂದು ಹೇಳುವಂತಿರಲಿಲ್ಲ. ಇಪ್ಪತ್ತೊಂದರಲ್ಲಿ ಯಾವುದನ್ನು ಬೇಕಾದರೂ ಹೆಚ್ಚಿನದು ಎನ್ನಬಹುದಿತ್ತು.

ಮಾನ್ವಿಯ ಕಾಲುವೆ ಪಕ್ಕದ ಹಳೆಯ ಶಾಲೆಯಲ್ಲಿ ಅವಳು ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತಿದ್ದಳು. ಅಂದು ರಾಯಚೂರಿನಿಂದ ತಪಾಸಣೆಗೆ ಬರುವವರಿದ್ದರು. ಸಹಿ ಬಿದ್ದರೆ ಪರವಾನಗಿ, ಇಲ್ಲವಾದರೆ ಶಿಬಿರಕ್ಕೆ ಬೀಗ. ಕಾಲುವೆಯ ಕಡೆಗೆ ತಂತಿ ಬೇಲಿ ಹಾಕಿಸಿದ್ದಳು. ಮರಳು ತುಂಬಿದ ಬಕೆಟ್ಟು, ಔಷಧಿ ಡಬ್ಬಿ ಎಲ್ಲ ಇದ್ದವು. ಇನ್ನೇನು ನೆಮ್ಮದಿ ಎನ್ನುವಷ್ಟರಲ್ಲಿ ಅಧಿಕಾರಿ ಶೇಷಗಿರಿಯವರ ಫೋನು ಬಂತು.

“ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕ್ರಿ. ಹನ್ನೊಂದಾದ್ರ ಇಬ್ಬರು. ಕಾಂಪೌಂಡಿನೊಳಗ ಎಷ್ಟು ಮಕ್ಕಳಿರ್ತಾವೋ ಅಷ್ಟೂ ಲೆಕ್ಕ.”

ನಿಯಮ ಸರಿಯಾದದ್ದೇ. ಬೇಲಿಯಾಚೆ ನೀರು ಹರಿಯುವ ಸದ್ದು ಕೇಳಿದಾಗಲೆಲ್ಲ ವಿಶಾಖಾ ತಾನೇ ತಲೆ ಎಣಿಸುತ್ತಿದ್ದಳು. ಆದರೆ ದೊಡ್ಡವರು ಇದ್ದದ್ದು ಇಬ್ಬರೇ: ಅವಳು, ಅಡಿಗೆಯ ತಾಯಣ್ಣ.

“ಒಬ್ಬ ಹುಡುಗನ್ನ ಇವತ್ತೊಂದಿನ ಮನಿಗೆ ಕಳಸ್ರಿ ಮೇಡಮ್ಮಾರ,” ಎಂದ ತಾಯಣ್ಣ.

“ಯಾರನ್ನ ಕಳಸಲಿ? ನೀವ ತೋರಸ್ರಿ.”

ತಾಯಣ್ಣ ಮಕ್ಕಳ ಸಾಲನ್ನು ಒಮ್ಮೆ ನೋಡಿ, ಒಗ್ಗರಣೆಗೆ ಹೊತ್ತಾಯಿತೆಂದು ಒಳಗೆ ಹೋಗಿಬಿಟ್ಟ.

ವಿಶಾಖಾ ದೇವದುರ್ಗದ ದೊಡ್ಡವ್ವ ಗೋಪಮ್ಮನಿಗೆ ಫೋನು ಮಾಡಿದಳು. “ಇವತ್ತೊಂದಿನ ಬಂದು ಕುಂದರತೀಯೇನು ದೊಡ್ಡವ್ವ?”

“ನೀ ಕರದೀ ಅಂದ್ರ ಇಲ್ಲ ಅಂತೀನೇನಬೇ? ಈಗ ಬಸ್ಸಿಗೆ ಹೊಂಟೆ.”

ರಜೆಯಲ್ಲಿ ನಮ್ಮ ಕಡೆಯ ಅಜ್ಜಿಯಂದಿರು ಒಬ್ಬರೇ ಎಲ್ಲಿಗೂ ಹೋಗುವುದಿಲ್ಲ ಎಂಬುದು ಆ ಗಾಬರಿಯಲ್ಲಿ ವಿಶಾಖಾಳಿಗೆ ನೆನಪಾಗಲಿಲ್ಲ. ಗೋಪಮ್ಮ ಬಂದಾಗ ಹಿಂದೆ ಕೋಳಿಯ ಹಿಂದಿನ ಮರಿಗಳಂತೆ ಹನ್ನೊಂದು ಮೊಮ್ಮಕ್ಕಳು ಗೇಟು ದಾಟಿ ಒಳಗೆ ನುಗ್ಗಿದವು. ಅಷ್ಟು ಬಿಸಿಲಲ್ಲಿ ಬಂದ ಮಕ್ಕಳನ್ನು ತಿರುಗಿ ಹೋಗಿ ಎನ್ನುವುದು ಹೇಗೆ? ವಿಶಾಖಾ ಮಜ್ಜಿಗೆ ಕೊಟ್ಟಳು. ಎಣಿಸಿದಳು. ಮೂವತ್ತೆರಡು ಮಕ್ಕಳು, ಮೂವರು ದೊಡ್ಡವರು. ಮತ್ತೆ ಒಬ್ಬರು ಕಡಿಮೆ.

ಅವಳ ಬಾಡಿದ ಮುಖವನ್ನು ಗೋಡೆಯಾಚೆಯಿಂದ ಕಂಡವರು ನಿವೃತ್ತ ಶಿಕ್ಷಕಿ ಅಹಲ್ಯಾಬಾಯಿ. ವಿಷಯ ತಿಳಿದು ಅವರು ಸೆರಗು ಸಿಕ್ಕಿಸಿಕೊಂಡರು.

“ಅಷ್ಟಕ್ಕ ಯಾಕ ಚಿಂತಿ ಮಾಡ್ತೀ? ನಾ ಬರ್ತೀನಿ. ಆದ್ರ ಟ್ಯೂಷನ್ ಬಿಡಾಕ ಆಗಂಗಿಲ್ಲ ನೋಡವಾ. ಇಲ್ಲೇ ನೆರಳಾಗ ಕಲಸ್ತೀನಿ.”

ಟ್ಯೂಷನ್ನಿಗೆ ಹದಿನೆಂಟು ಮಕ್ಕಳು. ವಿಶಾಖಾ ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಅವು ಮಗ್ಗಿ ಹೇಳುತ್ತ ಬೇವಿನ ಮರದ ಕೆಳಗೆ ಕುಳಿತಿದ್ದವು.

“ಐವತ್ತು ಮಕ್ಕಳು, ನಾಕು ಮಂದಿ,” ಎಂದ ತಾಯಣ್ಣ. “ಮೇಡಮ್ಮಾರ, ಇನ್ನ ಯಾರನ್ನೂ ಕರೀಬ್ಯಾಡ್ರಿ. ಅನ್ನ ಸಾಲಂಗಿಲ್ಲ.”

ಓಣಿಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವನು ಝೆರಾಕ್ಸ್ ಅಂಗಡಿಯ ಕನಕರಾಜ ಒಬ್ಬನೇ. ವಿಶಾಖಾ ಅವನೆದುರು ಕೈಮುಗಿದು ನಿಂತಳು.

“ಮದಿವಿ ಆಗಿಲ್ಲ ಅಂತ ಎಲ್ಲಾರೂ ಬೈಯ್ತಿದ್ರಕ್ಕ,” ಎಂದು ಕನಕರಾಜ ಅಂಗಡಿಯ ಶಟರ್ ಎಳೆದ. “ಇವತ್ತ ಉಪಯೋಗಕ್ಕ ಬಂತು.”

ಐವತ್ತಕ್ಕೆ ಐವರು. ಕರೆದ ಕೂಡಲೇ ಕೆಲಸ ಬಿಟ್ಟು ಬಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತ ಈ ಜನರನ್ನು ನೋಡಿ ವಿಶಾಖಾಳ ಕಣ್ಣು ತುಂಬಿ ಬಂತು. ಒಬ್ಬರೂ ಯಾಕೆ ಎಂದು ಕೇಳಿರಲಿಲ್ಲ. ಇವರ ಋಣ ಹೇಗೆ ತೀರಿಸಲಿ ಎಂದು ಅವಳು ಯೋಚಿಸುತ್ತಿರುವಾಗಲೇ ಜೀಪು ಬಂದು ನಿಂತಿತು.

ಶೇಷಗಿರಿಯವರು ಬೇಲಿ ಅಲುಗಾಡಿಸಿ ನೋಡಿದರು. ಔಷಧಿಗಳ ತಾರೀಖು ಓದಿದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸಿ, ಐವತ್ತೆಂದು ಬರೆದುಕೊಂಡು ಊಟಕ್ಕೆ ಬಿಟ್ಟರು.

“ಭಾಳ ಛಲೋ ಅದರೀ,” ಎಂದು ಪೆನ್ನು ತೆಗೆದರು.

ಅದೇ ಹೊತ್ತಿಗೆ ಅಡಿಗೆಮನೆಯಿಂದ ತಾಯಣ್ಣ ಕೂಗಿದ. “ಮೇಡಮ್ಮಾರ, ತಾಟು ಐವತ್ತೊಂದು ಬೇಕಾತಲ್ರಿ?”

ಕೊನೆಯ ತಾಟಿನ ಮುಂದೆ, ಎರಡು ಜಡೆಯ ಹುಡುಗಿಯೊಂದು ಗೋಪಮ್ಮನ ಮೊಮ್ಮಗಳಿಗೆ ಅಂಟಿಕೊಂಡು ಚಿತ್ರಾನ್ನ ಉಣ್ಣುತ್ತಿತ್ತು.

ಶೇಷಗಿರಿಯವರ ಪೆನ್ನು ಅಲ್ಲೇ ನಿಂತಿತು. “ಪೂರ್ಣಶ್ರೀ! ಜೀಪಿನ್ಯಾಗ ಕುಂದರು ಅಂದಿದ್ನೆಲ್ಲಾ?” ಆಮೇಲೆ ವಿಶಾಖಾಳತ್ತ ತಿರುಗಿ ದನಿ ತಗ್ಗಿಸಿದರು. “ನನ್ನ ಮಗಳ್ರಿ. ರಜಾ ನೋಡ್ರಿ. ಮನ್ಯಾಗ ಬಿಟ್ಟು ಬರಾಕ ಯಾರೂ ಇರಲಿಲ್ಲ.”

“ಕರಕೊಂಡು ಹೋಗ್ರಲಾ ಸಾಹೇಬ್ರ,” ಎಂದಳು ಗೋಪಮ್ಮ.

“ನಾ ಬರಂಗಿಲ್ಲಪ್ಪಾ,” ಎಂದಿತು ಹುಡುಗಿ, ಬಾಯಿ ತುಂಬ ಅನ್ನ ಇಟ್ಟುಕೊಂಡೇ.

ಶೇಷಗಿರಿಯವರು ಮಗಳನ್ನು ನೋಡಿದರು, ಮಕ್ಕಳ ಸಾಲನ್ನು ನೋಡಿದರು. ಒಂದನ್ನು ಎಬ್ಬಿಸಿ ಕಳಿಸುವುದು ಅವರಿಂದಲೂ ಆಗಲಿಲ್ಲ.

“ಹಂಗಾದ್ರ ನೀವು ದೊಡ್ಡವರಲ್ಲೇನ್ರಿ?” ಎಂದಳು ಗೋಪಮ್ಮ. “ ನಿಮ್ಮನ್ನೂ ಹಿಡೀರಿ ಲೆಕ್ಕಕ್ಕ.”

“ತಪಾಸಣಿಗೆ ಬಂದಾವ ಲೆಕ್ಕಕ್ಕ ಬರಂಗಿಲ್ಲವಾ.” ಅವರು ಪೆನ್ನಿಗೆ ಟೋಪಿ ಹಾಕಿದರು. “ಒಬ್ಬರು ಕಡಿಮಿ ಬಿದ್ದಾರ್ರಿ ಮೇಡಂ. ಇನ್ನೊಬ್ಬರನ್ನ ಕರಸ್ರಿ, ನಾಳೆ ಬಂದು ಸಹಿ ಮಾಡ್ತೀನಿ. ಈಕಿ ಸಂಜಿತನಕ ಇಲ್ಲೇ ಇರಲಿ. ನಾಳೇನೂ ಬರ್ತಾಳ.”

ಜೀಪು ಹೋಯಿತು. ವಿಶಾಖಾ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಗೋಪಮ್ಮ ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದಳು.

“ಮಾರಿ ಸಣ್ಣದು ಮಾಡಬ್ಯಾಡ. ಒಬ್ಬಾಕಿ ತಾನ ಬೇಕು? ಸಿರವಾರದಾಗ ನನ್ನ ತಂಗಿ ಅದಾಳ. ಆಗಲೇ ಫೋನ್ ಹಚ್ಚೀನಿ, ಮುಂಜಾನಿ ಬಸ್ಸಿಗೆ ಬರ್ತಾಳ.”

ವಿಶಾಖಾ ಮೆಲ್ಲಗೆ ತಲೆ ಎತ್ತಿದಳು. “ಒಬ್ಬಾಕೇ ಬರ್ತಾಳಲ್ಲ ದೊಡ್ಡವ್ವ?”

“ಒಬ್ಬಾಕೇ ಯಾಕ ಬರ್ತಾಳಬೇ?” ಎಂದಳು ಗೋಪಮ್ಮ, ಅಕ್ಕರೆಯಿಂದ. “ರಜಾ ಅಲ್ಲೇನು?”