ಮಹಾಲಿಂಗೇಶ್ವರನ ಹೆಸರು ಹೇಳುವಷ್ಟು ಅಂತರ

ಆರನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದವನು ನಾನು. ಆದರೆ ಸ್ಟಿಯರಿಂಗ್ ಹಿಡಿದ ಮೇಲೆ ಯಾರ ಗಾಡಿಯ ಬೆನ್ನಿಗೂ ಗುದ್ದಿರಲಿಲ್ಲ. ಪುತ್ತೂರಿನಲ್ಲಿ ಬಾಡಿಗೆ ಜೀಪು ಓಡಿಸುವವರಲ್ಲಿ ಇಂಥವನು ನಾನೊಬ್ಬನೇ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಾನೇ ಹೇಳುತ್ತಿದ್ದೆ!

ಅದಕ್ಕೆ ನನ್ನದೇ ಆದ ಶಾಸ್ತ್ರವಿತ್ತು. ಮುಂದಿನ ಗಾಡಿ ಕರೆಂಟು ಕಂಬ ದಾಟಿದ ಕೂಡಲೇ, "ಮಹಾಲಿಂಗೇಶ್ವರಾ, ಕಾಪಾಡಪ್ಪಾ" ಎನ್ನಬೇಕು. ಹೇಳಿ ಮುಗಿಯುವ ಮೊದಲೇ ನಾವು ಆ ಕಂಬದ ಬಳಿ ಬಂದರೆ ಅಂತರ ಸಾಲದು ಎಂದರ್ಥ. ಮಳೆ ಬಂದರೆ ಎರಡು ಸಲ ಹೇಳಬೇಕು. ಜೀಪಿನ ಹಿಂದೆ ಕೆಂಪು ಅಕ್ಷರದ ಸ್ಟಿಕ್ಕರ್ ಕೂಡ ಇತ್ತು: "ಅಂತರ ಕಾಯ್ದುಕೊಳ್ಳಿ."

ಅಕ್ಕನ ಮಗನ ಮದುವೆ. ಪುತ್ತೂರಿನಿಂದ ಸುಳ್ಯದ ಹಾಲ್‌ಗೆ ದಿಬ್ಬಣ. ಬಸ್ಸಿನವರು ಮೊದಲೇ ಹೋಗಿದ್ದರು. ಮುಂದೆ ಸೇವಂತಿಗೆ ಹೊದ್ದ ಬಿಳಿ ಕಾರಿನಲ್ಲಿ ಮದುಮಗ, ಹಿಂದೆ ನನ್ನ ಜೀಪು. ಜೀಪಿನಲ್ಲಿ ನನ್ನ ಹೆಂಡತಿ ಸುಮತಿ, ಮತ್ತು ಮಡಿಲಲ್ಲಿ ಧಾರೆ ಸೀರೆ, ಕರಿಮಣಿ ಇಟ್ಟುಕೊಂಡ ಅಕ್ಕ.

"ಸೇಸಪ್ಪ, ಕರಿಮಣಿ ನಮ್ಮತ್ರ ಉಂಟು. ಮುಹೂರ್ತ ತಪ್ಪಿಸ್ಬೇಡ ಮಾರಾಯ," ಎಂದಳು ಅಕ್ಕ.

"ಸ್ಟಿಯರಿಂಗ್ ಯಾರ ಕೈಯಲ್ಲಿ ಉಂಟು ನೋಡು. ಸುಮ್ಮನೆ ಕೂತ್ಕೊ."

ಮಳೆ ಶುರುವಾಯಿತು. ನಾನು ಶಾಸ್ತ್ರಪ್ರಕಾರ ಹಿಂದೆ ಸರಿದೆ. ನಾನು ಬಿಟ್ಟ ಜಾಗಕ್ಕೆ ಒಂದು ಖಾಸಗಿ ಬಸ್ಸು ನುಗ್ಗಿತು. ಬಸ್ಸಿಗೂ ಅಂತರ ಕೊಡಬೇಕಲ್ಲ? ಕೊಟ್ಟೆ. ಅಲ್ಲಿಗೆ ಪಿಕಪ್ ಬಂತು. ಅದಕ್ಕೂ ಕೊಟ್ಟೆ. ಅಲ್ಲಿಗೆ ರಿಕ್ಷಾ ಬಂತು!

"ನೀವು ಸುಳ್ಯಕ್ಕೆ ಹೋಗುದಾ, ವಾಪಸ್ ಪುತ್ತೂರಿಗೆ ಹೋಗುದಾ?" ಎಂದಳು ಸುಮತಿ.

"ಜೀವ ಮುಖ್ಯ. ಮಹಾಲಿಂಗೇಶ್ವರಾ, ಕಾಪಾಡಪ್ಪಾ..."

"ದೇವರಿಗೂ ಸಾಕಾಗಿರ್ತದೆ ಮಾರಾಯ್ರೆ!"

ಕಿಸೆಯಲ್ಲಿ ಫೋನ್ ಬಡಿದುಕೊಂಡಿತು. ಸುಮತಿ ಕೈ ಹಾಕಲು ಬಂದಳು. ಗಾಡಿ ಓಡುವಾಗ ನನ್ನ ಜೀಪಿನಲ್ಲಿ ಫೋನಿಗೆ ನಿಷೇಧ. ಅವಳ ಕೈಯನ್ನು ಗೌರವಪೂರ್ವಕವಾಗಿ ತಳ್ಳಿದೆ.

ಜಾಲ್ಸೂರು ಹತ್ತಿರ ಬರುವಾಗ ಮಳೆ ನಿಂತಿತು. ರಿಕ್ಷಾದ ಆಚೆ ಸೇವಂತಿಗೆ ಹೊದ್ದ ಬಿಳಿ ಕಾರು ಕಂಡಿತು! "ನೋಡಿದ್ರಾ?" ಎಂದು ಬೀಗಿದೆ. ಕಾರು ಕಾಸರಗೋಡಿನ ರಸ್ತೆಗೆ ತಿರುಗಿತು. ಸೂಕ್ತ ಅಂತರದಲ್ಲಿ ನಾನೂ ತಿರುಗಿದೆ.

"ಬೋರ್ಡೆಲ್ಲ ಮಲಯಾಳದಲ್ಲಿ ಉಂಟಲ್ಲ?" ಎಂದಳು ಸುಮತಿ.

"ಟ್ರಾಫಿಕ್ ತಪ್ಪಿಸ್ಲಿಕ್ಕೆ ಒಳದಾರಿ ಹಿಡಿದಿದ್ದಾರೆ. ನಿನಗೆಂತ ಗೊತ್ತುಂಟು?"

ಹಾಲ್ ಬಂತು. ಬಾಗಿಲಲ್ಲೇ ಪನ್ನೀರು ಎರಚಿದರು. ಅಕ್ಕನಿಗೆ ಬೆಲ್ಲ, ನೀರು ಕೊಟ್ಟು ಮಲಯಾಳದಲ್ಲಿ ಬಹಳ ಪ್ರೀತಿಯಿಂದ ಮಾತನಾಡಿಸಿದರು. ಅಕ್ಕ ಬೆಲ್ಲ ಬಾಯಿಗೆ ಹಾಕಿಕೊಳ್ಳುವುದಕ್ಕೂ ಕಾರಿನಿಂದ ಮದುಮಗ ಇಳಿಯುವುದಕ್ಕೂ ಸರಿಯಾಯಿತು. ಆರಡಿ ಆಳು, ಮುಖ ತುಂಬ ಗಡ್ಡ. ನಮ್ಮ ಹುಡುಗನಿಗೆ ಮೀಸೆಯೇ ಸರಿಯಾಗಿ ಬಂದಿಲ್ಲ!

"ಅಯ್ಯೋ ಸೇಸಪ್ಪ! ನನ್ನ ಮಗ ಎಲ್ಲಿ?"

ಫೋನ್ ತೆಗೆದೆ. ಎಲ್ಲ ಕರೆಯೂ ಅಳಿಯನದ್ದೇ. ವಾಪಸ್ ಮಾಡಿದೆ. "ಮಾವ, ಭಟ್ರು ಕರಿಮಣಿ ಕೇಳ್ತಿದ್ದಾರೆ. ಎಲ್ಲಿದ್ದೀರಿ?"

"ಸ್ವಲ್ಪ... ಕೇರಳದಲ್ಲಿ," ಎಂದೆ.

ಆಮೇಲೆ ನಾನು ಜೀಪು ಓಡಿಸಿದ್ದಲ್ಲ, ಅಕ್ಕನ ಬೈಗುಳ ಓಡಿಸಿದ್ದು. ಕಂಬಗಳು ಸರ್ರನೆ ಹಿಂದೆ ಹೋದವು. ಮಹಾಲಿಂಗೇಶ್ವರನಿಗೆ ಸಂಪೂರ್ಣ ವಿಶ್ರಾಂತಿ! ಸುಳ್ಯದ ಹಾಲ್‌ನ ಅಂಗಳಕ್ಕೆ ನುಗ್ಗಿದಾಗ ಅಳಿಯ ಮೆಟ್ಟಿಲಲ್ಲೇ ನಿಂತು ಕೈ ಬೀಸುತ್ತಿದ್ದ.

"ಬಂದೆವು ಮಗಾ!" ಎಂದು ನಾನೂ ಕೈ ಬೀಸಿದೆ. ಎದುರಿಗೆ ಅವನ ಹೂವಿನ ಕಾರು ನಿಂತಿತ್ತು.

"ಮಹಾಲಿಂ..." ಎನ್ನುವಷ್ಟರಲ್ಲಿ, ಠಪ್!

ಅಕ್ಕ ಕಾರಿನ ಕಡೆ ನೋಡದೆ, ನನ್ನ ಕಡೆಯೂ ನೋಡದೆ ಕರಿಮಣಿ ಹಿಡಿದು ಓಡಿದಳು. ಮುಹೂರ್ತ ಸಿಕ್ಕಿತು. ಒಳಗೆ ಗಟ್ಟಿಮೇಳ ಬಾರಿಸುವಾಗ ನಾನು ಹೊರಗೆ ಕಾರಿನ ಒಡೆದ ಲೈಟು ಹೆಕ್ಕುತ್ತಿದ್ದೆ. ಸೇವಂತಿಗೆ ಮಾಲೆಯೆಲ್ಲ ನನ್ನ ಜೀಪಿನ ಮೂತಿಗೆ ಸುತ್ತಿಕೊಂಡಿತ್ತು. ಸಂಜೆ ಮದುಮಕ್ಕಳು ಹೊರಡುವಾಗ ನೋಡಿದವರೆಲ್ಲ ಹೂವಿರುವ ಜೀಪಿನ ಬಾಗಿಲನ್ನೇ ತೆರೆದರು!

ಮರುದಿನ ಸುಮತಿ ಬಿಸಿನೀರು ಹಾಕಿ ಜೀಪಿನ ಹಿಂದಿನ ಸ್ಟಿಕ್ಕರ್ ಕಿತ್ತಳು.

"ಯಾಕೆ ತೆಗೆಯುದು? ಹಿಂದಿನವರಿಗೆ ಗೊತ್ತಾಗ್ಬೇಕಲ್ಲ?" ಎಂದೆ.

"ಹಿಂದಿನವರು ಇಷ್ಟು ವರ್ಷದಲ್ಲಿ ಒಮ್ಮೆಯಾದ್ರೂ ನಿಮಗೆ ಗುದ್ದಿದ್ದುಂಟಾ?"

ಈಗ ಅದು ಸ್ಟಿಯರಿಂಗಿನ ಎದುರಿಗೆ, ನನ್ನ ಮುಖಕ್ಕೆ ನೇರವಾಗಿ ಅಂಟಿಕೊಂಡಿದೆ.